ಸಹಾಯ ಬೇಕು: ಇಂಗ್ಲಿಷ್‌ನಲ್ಲಿ ‘ದ’ ಎಲ್ಲಿ ಬಿಡಬಹುದು?

ಎಲ್ಲರಿಗೂ ನಮಸ್ಕಾರ. ಪುಣೆಯ ಹಿಂಜವಡಿಯಲ್ಲಿ ನನ್ನ ಕೆಲಸ, ಸಾಫ್ಟ್‌ವೇರ್‌ಗೆ ಯೂಸರ್ ಗೈಡ್ ಬರೆಯುತ್ತೇನೆ. ಇಂಗ್ಲಿಷ್ ಆರ್ಟಿಕಲ್‌ಗಳಲ್ಲಿ (ನಾಮಪದದ ಮುಂದೆ ಬರುವ ‘ಎ’, ‘ಆ್ಯನ್’, ‘ದ’) ‘ಎ’, ‘ಆ್ಯನ್’ ತಲೆನೋವಿಲ್ಲ, ಉಚ್ಚಾರ ನೋಡಿದರೆ ಸಾಕು: ಆ್ಯನ್ ಅವರ್, ಎ ಯೂನಿವರ್ಸಿಟಿ. ಸಿಕ್ಕಿಹಾಕಿಕೊಂಡಿರುವುದು ‘ದ’ ಹತ್ತಿರ.

‘ಕ್ಲಿಕ್ ಸೇವ್’ ಅಂದರೆ ಸರಿ, ಆದರೆ ‘ಕ್ಲಿಕ್ ಸೇವ್ ಬಟನ್’ ಅಂತ ಬರೆದರೆ ರಿವ್ಯೂನಲ್ಲಿ ನಡುವೆ ‘ದ’ ಸೇರಿಸಿ ವಾಪಸ್ ಕಳಿಸುತ್ತಾರೆ. ಅದೇ ಸ್ಕ್ರೀನ್ ಮೇಲೆ ‘ಫೈಲ್ ನಾಟ್ ಫೌಂಡ್’ ಅಂತ ಆರ್ಟಿಕಲ್ ಇಲ್ಲದೆ ಬಂದರೆ ಯಾರೂ ಕೇಳುವುದಿಲ್ಲ, ಪೇಪರ್ ಹೆಡ್‌ಲೈನ್‌ಗಳಲ್ಲೂ ಹಾಗೇ ಅಲ್ವಾ? ಪಕ್ಕದ ಸೀಟಿನ ಮರಾಠಿ ಗೆಳೆಯನನ್ನು ಕೇಳಿದೆ. ಅವರ ಭಾಷೆಯಲ್ಲೂ ನಮ್ಮ ಹಾಗೆ ಆರ್ಟಿಕಲ್ ಇಲ್ಲವಲ್ಲ, ಕಿವಿಗೆ ಸರಿ ಅನ್ನಿಸಿದ್ದು ಬರಿ ಅಂದ. ನನ್ನ ಕಿವಿ ಧಾರವಾಡದ್ದು, ಏನು ಮಾಡಲಿ!

ಗ್ರಾಮರ್ ಪುಸ್ತಕ ನೋಡಿದೆ, ಯಾವುದು ಅಂತ ಓದುವವರಿಗೆ ಗೊತ್ತಿದ್ದರೆ ‘ದ’ ಹಾಕಿ ಅನ್ನುತ್ತದೆ. ಆದರೆ ಅಡ್ಮಿಟ್ ಆದವರ ಬಗ್ಗೆ ಬ್ರಿಟಿಷರು ‘ಇನ್ ಹಾಸ್ಪಿಟಲ್’ ಅಂತಾರೆ, ಅಮೆರಿಕದವರು ‘ಇನ್ ದ ಹಾಸ್ಪಿಟಲ್’. ಎರಡೂ ಸರಿಯಂತೆ!

ಈಗ ಹೇಳಿ, ಗೈಡ್‌ನ ಪೂರ್ತಿ ವಾಕ್ಯದಲ್ಲಿ ‘ದ’ ಬಿಟ್ಟರೆ ಅದು ವ್ಯಾಕರಣದ ತಪ್ಪೋ, ಸುಮ್ನೆ ಶೈಲಿಯ ವಿಷಯವೋ? ಹೆಸರಿನ ಜೊತೆ ಬಟನ್, ಮೆನು ಅಂತ ಬಂದಾಗಲೆಲ್ಲ ‘ದ’ ಕಡ್ಡಾಯವೇ?