ಅಪ್‌ಡೇಟ್: ಡೋರಿ ಬೋಟಿನ ಹಲಗೆ ಕೊನೆಗೂ ಕೂತ್ಕೊಳ್ತು

ಹೋದ ಸಲ ಕೇಳಿದ್ನಲ್ಲ, ಗ್ರ್ಯಾಂಡ್ ಬ್ಯಾಂಕ್ಸ್ ಡೋರಿ (ಹಳೇ ಕಾಲದ ಚಪ್ಪಟೆ ತಳದ ಮೀನುಗಾರಿಕೆ ದೋಣಿ) ಮರದ ಮಾಡೆಲ್ ಕಿಟ್‌ನಲ್ಲಿ ಕೆಳಗಿನ ಹಲಗೆ ದೋಣಿ ಮೂತಿ ಹತ್ರ ಕೂರ್ತಾನೇ ಇಲ್ಲ, ಕ್ಲಿಪ್ ತೆಗೆದ್ರೆ ಟಪ್ ಅಂತ ಎದ್ದು ಬರುತ್ತೆ ಅಂತ, ಅದು ಸರಿಹೋಯ್ತು. ನೀವೆಲ್ಲ ಹೇಳಿದ್ ಹಾಗೇ ಬಿಸಿನೀರಲ್ಲಿ ನೆನೆಸಿ, ಒದ್ದೆ ಇದ್ದಾಗ್ಲೇ ಫ್ರೇಮಿಗೆ (ಹಲಗೆ ಕೂರೋ ಒಳಗಿನ ಅಡ್ಡ ಪಕ್ಕೆಲುಬುಗಳು) ಬಗ್ಗಿಸಿ ಬಟ್ಟೆ ಕ್ಲಿಪ್ ಹಾಕಿ ರಾತ್ರಿಯೆಲ್ಲ ಹಂಗೇ ಬಿಟ್ಟು, ಪೂರ್ತಿ ಒಣಗಿದ್ಮೇಲೇ ಅಂಟು ಹಚ್ಚಿದ್ದು. ಒದ್ದೆ ಮರ ಉಬ್ಬಿರುತ್ತೆ, ಆಗ್ಲೇ ಅಂಟಿಸಿದ್ರೆ ಒಣಗಿ ಕುಗ್ಗಿದಾಗ ಸಂದಿ ಬೀಳುತ್ತೆ ಅಂದ ಸರ್‌ಗೆ ದೊಡ್ಡ ಥ್ಯಾಂಕ್ಸ್.

ಆದ್ರೆ ನನ್ ಪ್ರಕಾರ ಅಸಲಿ ಕೆಲ್ಸ ಮಾಡಿದ್ದು ಫ್ರೇಮ್ ಉಜ್ಜಿದ್ದೇ. ಫ್ರೇಮಿನ ಲೇಸರ್ ಕಟ್ ಅಂಚು ನೇರ ಇರುತ್ತೆ, ಹಲಗೆ ಹೋಗೋದು ಓರೆಯಾಗಿ, ಹಂಗಾಗಿ ಬರೀ ಒಂದು ಮೂಲೆ ತಾಗ್ತಿತ್ತು. ಮರಳು ಕಾಗದ ಸುತ್ತಿದ ಐಸ್‌ಕ್ರೀಂ ಕಡ್ಡೀಲಿ, ಅಂಚಲ್ಲಿ ಲೇಸರ್‌ನಿಂದ ಸುಟ್ಟ ಕಪ್ಪನ್ನ ಓರೆಯಾಗಿ ಉಜ್ತಾ ಹೋದೆ, ಒಂದು ಅಂಚಲ್ಲಿ ಸಣ್ಣ ಕರಿ ಗೆರೆ ಉಳಿಯೋವರೆಗೂ, ಆಮೇಲೆ ಹಲಗೆ ಇಟ್ರೆ ಅಗಲಪೂರ್ತಿ ಕೂತ್ಕೊಳ್ತು. ಫೆವಿಕ್ವಿಕ್ ಬೇಡ ಅಂದಿದ್ದೂ ಸರಿನೇ, ಫೆವಿಕಾಲ್ ಆದ್ರೆ ಜರುಗಿಸಿ ಸರಿಮಾಡೋಕೆ ಟೈಮ್ ಸಿಗುತ್ತೆ.

ಅಡ್ಡ ಸೀಟು ಮಾತ್ರ ಅಂಟಿಸಲ್ಲ. ಕಾಡ್ (cod) ಅನ್ನೋ ಸಮುದ್ರದ ಮೀನು ಹಿಡಿಯೋಕೆ ಹೋಗ್ತಿದ್ದ ನಿಜವಾದ ಡೋರಿಗಳಲ್ಲೂ ಸೀಟು ತೆಗ್ದು ಸ್ಕೂನರ್ (ದೊಡ್ಡ ಹಾಯಿ ಹಡಗು) ಡೆಕ್ ಮೇಲೆ ಒಂದರೊಳಗೊಂದು ಪೇರಿಸಿಡ್ತಿದ್ರು. ಬಣ್ಣ ಇನ್ನೂ ಡಿಸೈಡ್ ಆಗಿಲ್ಲ, ಮನೆಯವ್ರು ಹಳದಿ ಅಂತಾರೆ.