ಡಯಾಬಿಟಿಸ್ ಔಷಧಿಗಳ ಬಗ್ಗೆ ಸಿಬ್ಬಂದಿಗೆ ತರಬೇತಿ: ನಿಮ್ಮಲ್ಲಿ ಯಾವುದು ಕೆಲಸಕ್ಕೆ ಬಂತು?

ಕೇಳಿದವರು

ನಮ್ಮ ಆಸ್ಪತ್ರೆಯ ವೈದ್ಯರು, ನರ್ಸ್‌ಗಳು, ಫಾರ್ಮಸಿಸ್ಟ್‌ಗಳಿಗೆ ಡಯಾಬಿಟಿಸ್ ಔಷಧಿಗಳ ಬಗ್ಗೆ ತರಬೇತಿ ನಡೆಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಿಂದೆ ಒಮ್ಮೆ ದಿನವಿಡೀ ಸ್ಲೈಡ್ ತೋರಿಸಿದ್ದರು. ಎಲ್ಲರೂ ತಲೆಯಾಡಿಸಿದರು. ಮುಂದಿನ ವಾರ ನೋಡಿದರೆ ಔಷಧಿ ಚೀಟಿಗಳು ಮೊದಲಿನ ಹಾಗೇ ಇದ್ದವು. ಏನು ಕಲಿಸಬೇಕು, ಹೇಗೆ ಕಲಿಸಬೇಕು? ಇಂಥ ತರಬೇತಿ ನಡೆಸಿದವರೂ ಹೇಳಿ, ಕೂತು ಕಲಿತವರೂ ಹೇಳಿ.

ವೈದ್ಯ, ತರಬೇತಿ ಕೊಡುವವರು

ಮೊದಲು ಔಷಧಿಗಳ ಪಟ್ಟಿಯನ್ನು ಪಕ್ಕಕ್ಕಿಡಿ. ಹೆಸರು ಎಲ್ಲರಿಗೂ ಗೊತ್ತು. ತೊಂದರೆ ಇರುವುದು ಡೋಸ್ ಬದಲಿಸುವ ಧೈರ್ಯದಲ್ಲಿ. ರೋಗಿಯ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 8.9, ಅಂದರೆ ಜಾಸ್ತಿಯೇ ಇರುತ್ತದೆ. "ಊಟದಲ್ಲಿ ಹುಷಾರು" ಅಂತ ಹೇಳಿ ಅದೇ ಮಾತ್ರೆ, ಅದೇ ಡೋಸ್ ಬರೆದು ಕಳಿಸುತ್ತಾರೆ. ಮೂರು ತಿಂಗಳು ಬಿಟ್ಟು ಬಂದಾಗಲೂ ಅದೇ ಮಾತು.

ಹಾಗಾಗಿ ನಾನು ನಿಜವಾದ ಕೇಸ್ ಶೀಟ್‌ಗಳಿಂದ ಹೆಸರು ಅಳಿಸಿ ಕೈಗೆ ಕೊಡುತ್ತೇನೆ. ಪ್ರಶ್ನೆ ಇಷ್ಟೇ: ಇವತ್ತು ಏನು ಬದಲಿಸುತ್ತೀರಿ, ಎಷ್ಟು, ಮತ್ತೆ ಯಾವಾಗ ನೋಡುತ್ತೀರಿ? ಪ್ರತಿಯೊಬ್ಬರೂ ಮೊದಲು ಬರೆಯಬೇಕು, ಆಮೇಲೆ ಮಾತು. ಬರೆಯದಿದ್ದರೆ ಎಲ್ಲರೂ ಹಿರಿಯರ ಮುಖ ನೋಡಿ ಹೂಂ ಅನ್ನುತ್ತಾರೆ.

ಕೇಸ್‌ಗಳನ್ನು ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಒಂದು ಕೇಸ್ ಕಿಡ್ನಿಯದ್ದಿರಲಿ. ಇಜಿಎಫ್‌ಆರ್ (ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತದೆ ಅನ್ನುವ ಅಳತೆ) 38, ದಿನಕ್ಕೆ 2000 ಮಿ.ಗ್ರಾಂ ಮೆಟ್‌ಫಾರ್ಮಿನ್ ಮಾತ್ರೆ. ಕೆಲವರು ಪೂರ್ತಿ ನಿಲ್ಲಿಸುತ್ತಾರೆ, ಕೆಲವರು ಮುಟ್ಟುವುದೇ ಇಲ್ಲ. ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಕೊಡಬಾರದು. 30ರಿಂದ 45ರ ನಡುವೆ ಹೊಸದಾಗಿ ಶುರು ಮಾಡುವುದಿಲ್ಲ, ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಸಾಮಾನ್ಯವಾಗಿ ಅರ್ಧಕ್ಕೆ ಇಳಿಸುತ್ತೇವೆ. ಈ ಕೇಸ್ ಮೇಲೆ ಒಳ್ಳೆ ಜಗಳ ಆಗುತ್ತದೆ. ಆಗಲಿ ಬಿಡಿ, ಜಗಳ ಆಡಿದ್ದು ಮರೆಯುವುದಿಲ್ಲ.

ಇನ್ನೊಂದು ಹೃದಯ ವೈಫಲ್ಯದ್ದು. ಚೀಟಿಯಲ್ಲಿ ಪಯೋಗ್ಲಿಟಜೋನ್ ಅನ್ನುವ ಶುಗರ್ ಮಾತ್ರೆ ಇರಲಿ. ಅದು ಮೈಯಲ್ಲಿ ನೀರು ನಿಲ್ಲಿಸುತ್ತದೆ, ಇಂಥವರಿಗೆ ಬೇಡ. ಎಂಪಾಗ್ಲಿಫ್ಲೋಜಿನ್, ಡಪಾಗ್ಲಿಫ್ಲೋಜಿನ್ ತರಹದ ಮಾತ್ರೆಗಳು ಅಲ್ಲಿ ಉಪಕಾರಿ. ಹೃದ್ರೋಗ ಇರುವವರಲ್ಲಿ ಎಂಪಾಗ್ಲಿಫ್ಲೋಜಿನ್‌ನಿಂದ ಸಾವು ಕಡಿಮೆಯಾಯಿತೆಂದು 2015ರಲ್ಲಿ ಗೊತ್ತಾಯಿತು. ಅಲ್ಲಿಂದ ಮಾತ್ರೆ ಆರಿಸುವ ಲೆಕ್ಕವೇ ಬದಲಾಗಿದೆ. ಶುಗರ್ ಎಷ್ಟು ಇಳಿಯುತ್ತದೆ ಅನ್ನುವುದರ ಜೊತೆಗೆ ಹೃದಯ ಹೇಗಿದೆ, ಕಿಡ್ನಿ ಹೇಗಿದೆ ಅಂತಲೂ ಕೇಳಬೇಕು. ಹಳಬರಿಗೆ ಇದನ್ನು ಒಪ್ಪಿಸಲು ಸ್ವಲ್ಪ ಹೊತ್ತು ಬೇಕು.

ಮೂರನೆಯದು ನನಗೆ ಇಷ್ಟವಾದದ್ದು. ಒಂಟಿಯಾಗಿರುವ ವಯಸ್ಸಾದವರು, ಶುಗರ್ ತೀರಾ ಕೆಳಗೆ ಬೀಳಿಸಬಲ್ಲ ಗ್ಲಿಬೆನ್‌ಕ್ಲಮೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಎಚ್‌ಬಿಎ1ಸಿ 6.2. ಎಲ್ಲರೂ "ಭೇಷ್" ಅನ್ನುತ್ತಾರೆ. ಅಲ್ಲೇ ಸಿಕ್ಕಿಬೀಳುವುದು. ಕಿಡ್ನಿ ಸೋತಿದ್ದರೆ ಆ ಮಾತ್ರೆ ಮೈಯಲ್ಲಿ ಉಳಿಯುತ್ತದೆ, ಶುಗರ್ ಬಿದ್ದರೆ ಮತ್ತೆ ಮತ್ತೆ ಬೀಳುತ್ತದೆ. ಇಲ್ಲಿ ಔಷಧಿ ಇಳಿಸುವುದೇ ಚಿಕಿತ್ಸೆ. ಹತೋಟಿಯಲ್ಲಿಟ್ಟರೆ ಕಣ್ಣು, ಕಿಡ್ನಿ ಉಳಿಯುತ್ತವೆ ಅಂತ 1993ರ ಡಿಸಿಸಿಟಿ, 1998ರ ಯುಕೆಪಿಡಿಎಸ್ ಅನ್ನುವ ದೊಡ್ಡ ಅಧ್ಯಯನಗಳು ತೋರಿಸಿದ್ದು ನಿಜ. ಆದರೆ ಅಕಾರ್ಡ್ ಅಧ್ಯಯನದಲ್ಲಿ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗೆ ಇಳಿಸಲು ಹೋದ ಗುಂಪಿನಲ್ಲಿ ಸಾವು ಜಾಸ್ತಿಯಾಗಿ, 2008ರಲ್ಲಿ ಆ ಭಾಗವನ್ನೇ ನಿಲ್ಲಿಸಬೇಕಾಯಿತು. ಎರಡನ್ನೂ ಒಟ್ಟಿಗೇ ಹೇಳಿ. ಒಂದನ್ನೇ ಹೇಳಿದರೆ ಜನ ಒಂದು ಕಡೆಗೇ ವಾಲುತ್ತಾರೆ.

ನರ್ಸ್, ಡಯಾಬಿಟಿಸ್ ವಿಭಾಗ

ಸರ್ ಹೇಳಿದ್ದು ಮಾತ್ರೆಗಳಿಗೆ ಸರಿ. ಇನ್ಸುಲಿನ್ ಮಾತ್ರ ಕೈಯಲ್ಲೇ ಕಲಿಯಬೇಕು. ಪೆನ್ನು, ಸೂಜಿ, ಚುಚ್ಚಲು ಒಂದು ಸ್ಪಂಜಿನ ತುಂಡು ಕೊಡಿ. "ರೋಗಿಗೆ ಕಲಿಸಿ ತೋರಿಸಿ" ಅನ್ನಿ. ದೊಡ್ಡ ದೊಡ್ಡ ಡಾಕ್ಟರುಗಳೂ ತಡವರಿಸುತ್ತಾರೆ! ಮೊದಲು 2 ಯೂನಿಟ್ ಹೊರಗೆ ಬಿಟ್ಟು ನೋಡುವುದಿಲ್ಲ. ಗುಂಡಿ ಒತ್ತಿದ ತಕ್ಷಣ ಸೂಜಿ ಎಳೆಯುತ್ತಾರೆ. ಹತ್ತು ಎಣಿಸಿ ತೆಗೆಯಬೇಕು. ಹಾಲಿನ ಬಣ್ಣದ ಇನ್ಸುಲಿನ್ ಅನ್ನು ಅಂಗೈಯಲ್ಲಿ ಉರುಳಿಸಿ ಬೆರೆಸುವುದನ್ನೇ ಮರೆಯುತ್ತಾರೆ.

ಚುಚ್ಚುವ ಜಾಗವನ್ನು ಮುಟ್ಟಿ ನೋಡುವುದನ್ನೂ ಕಲಿಸಿ. ಒಂದೇ ಕಡೆ ಚುಚ್ಚಿ ಚುಚ್ಚಿ ಗಂಟು ಕಟ್ಟಿರುತ್ತದೆ. ಅಲ್ಲಿ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಶುಗರ್ ಇಳಿಯಲಿಲ್ಲ ಅಂತ ಡೋಸ್ ಏರಿಸುತ್ತಾ ಹೋಗುತ್ತಾರೆ. ಒಂದು ದಿನ ರೋಗಿ ಒಳ್ಳೆಯ ಜಾಗಕ್ಕೆ ಚುಚ್ಚಿಕೊಂಡರೆ ಶುಗರ್ ದಡಕ್ಕನೆ ಬೀಳುತ್ತದೆ. ಜಾಗ ಬದಲಿಸಲು ಹೇಳುವಾಗ ಡೋಸ್ ಇಳಿಸಬೇಕೇ ಅಂತ ಡಾಕ್ಟರನ್ನು ಕೇಳಿಯೇ ಹೇಳಬೇಕು.

ಸಿರಿಂಜ್ ಬಳಸುವ ಕಡೆ ಒಂದು ಮಿ.ಲೀ.ಗೆ 40 ಯೂನಿಟ್‌ನದೂ 100 ಯೂನಿಟ್‌ನದೂ ಎರಡೂ ಇನ್ಸುಲಿನ್, ಅವುಗಳ ಸಿರಿಂಜ್ ಇದ್ದರೆ ಮೈಯೆಲ್ಲಾ ಕಣ್ಣಾಗಿರಿ. 100ರ ಇನ್ಸುಲಿನ್ ಅನ್ನು 40ರ ಸಿರಿಂಜ್‌ನಲ್ಲಿ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ. ಎರಡನ್ನೂ ಮೇಜಿನ ಮೇಲಿಟ್ಟು ತೋರಿಸಿ, ಬಾಯಲ್ಲಿ ಹೇಳಿದ್ದು ಸಾಲದು. "ಯೂನಿಟ್" ಅಂತ ಪೂರ್ತಿ ಬರೆಯಿಸಿ. ಇಂಗ್ಲಿಷಿನ U ಅನ್ನುವ ಒಂದೇ ಅಕ್ಷರ ಬರೆದರೆ ಸೊನ್ನೆಯಂತೆ ಕಂಡು 10 ಇದ್ದದ್ದು 100 ಆಗಬಹುದು.

ಲೋ ಶುಗರ್ ಬಗ್ಗೆ ಎಲ್ಲರೂ ಗಿಳಿಪಾಠ ಒಪ್ಪಿಸುತ್ತಾರೆ: 70ಕ್ಕಿಂತ ಕೆಳಗೆ, 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಅದೂ ಗೊತ್ತು. ಆದರೆ ರೋಗಿ ಎದ್ದು ಕೂತ ಮೇಲೆ "ಯಾಕೆ ಬಿತ್ತು, ಯಾವ ಡೋಸ್ ಇಳಿಸಬೇಕು" ಅಂತ ಕೇಳುವವರೇ ಇಲ್ಲ. ತರಬೇತಿಯಲ್ಲಿ ಈ ಭಾಗಕ್ಕೇ ಜಾಸ್ತಿ ಹೊತ್ತು ಕೊಡಿ.

ಫಾರ್ಮಸಿಸ್ಟ್

ನಮ್ಮನ್ನು ಬೇರೆ ಕೋಣೆಯಲ್ಲಿ ಕೂರಿಸಬೇಡಿ. ಹೆಸರು ಬೇರೆ, ಒಳಗಿನ ಮದ್ದು ಒಂದೇ ಆದ ಎರಡು ಮಾತ್ರೆ ರೋಗಿ ನುಂಗುತ್ತಿರುವುದು ಕಾಣುವುದು ನಮಗೆ. ಹೊಟ್ಟೆ ಕೆಟ್ಟಿತು ಅಂತ ಮೆಟ್‌ಫಾರ್ಮಿನ್ ಬಿಟ್ಟಿದ್ದನ್ನೂ ಡಾಕ್ಟರಿಗೆ ಹೇಳದೆ ನಮಗೆ ಹೇಳುತ್ತಾರೆ. 500 ಮಿ.ಗ್ರಾಂನಿಂದ ಶುರು ಮಾಡಿ, ಊಟದ ಜೊತೆ ಕೊಟ್ಟು, ವಾರವಾರ ನಿಧಾನಕ್ಕೆ ಏರಿಸಿದರೆ ಬಹಳ ಮಂದಿಗೆ ಒಗ್ಗುತ್ತದೆ. ವರ್ಷಗಟ್ಟಲೆ ತೆಗೆದುಕೊಳ್ಳುವವರ ವಿಟಮಿನ್ ಬಿ12 ನೋಡಿಸಲು ನೆನಪಿಸುವುದನ್ನೂ ನಮಗೇ ಬಿಡಿ.

ಕಿರಿಯ ವೈದ್ಯೆ, ಇಂಥ ತರಬೇತಿಯಲ್ಲಿ ಕೂತಿದ್ದವರು

ಎಲ್ಲರೂ ಒಂದೇ ಕೋಣೆ ಅನ್ನುವುದು ಹೇಳಲು ಚೆಂದ. ನಿಜಕ್ಕೂ ದೊಡ್ಡವರು ಇದ್ದರೆ ನಾವು ಬಾಯಿ ಬಿಡುವುದಿಲ್ಲ. ನಮ್ಮಲ್ಲಿ ಇನ್ಸುಲಿನ್ ಭಾಗವನ್ನು ನರ್ಸ್ ಅಕ್ಕ ನಡೆಸಿದರು, ವೈದ್ಯರೆಲ್ಲ ವಿದ್ಯಾರ್ಥಿಗಳು. ಆಮೇಲೆ ಮಾತು ಸಲೀಸಾಯಿತು. ಶುರುವಿಗೇ ಹೀಗೆ ಮಾಡಿ ನೋಡಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಆದರೆ ನನಗೆ ಸಿಗುವುದು ಒಂದೇ ದಿನ. ಏನು ಬಿಡಲಿ?

ವೈದ್ಯ, ತರಬೇತಿ ಕೊಡುವವರು

ಯಾವ ಮದ್ದು ಯಾವ ಕಣದ ಮೇಲೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಬಿಡಿ, ಓದಿಕೊಳ್ಳುತ್ತಾರೆ. ಲೋ ಶುಗರ್, ಕಿಡ್ನಿ, ಇನ್ಸುಲಿನ್ ಏರಿಸುವುದು, ಈ ಮೂರು ಉಳಿಸಿಕೊಳ್ಳಿ. ಬೇಸಲ್ ಇನ್ಸುಲಿನ್ (ದಿನವಿಡೀ ನಿಧಾನಕ್ಕೆ ಕೆಲಸ ಮಾಡುವುದು) 10 ಯೂನಿಟ್‌ಗೆ ಶುರುವಾಗಿ ವರ್ಷವಾದರೂ 10ರಲ್ಲೇ ನಿಂತಿರುತ್ತದೆ, ಅಲ್ವಾ? ಬೆಳಗಿನ ಖಾಲಿ ಹೊಟ್ಟೆಯ ಶುಗರ್ ಗುರಿ ಮುಟ್ಟುವವರೆಗೆ ಮೂರು ದಿನಕ್ಕೊಮ್ಮೆ 2 ಯೂನಿಟ್ ಏರಿಸುವುದು, ಕಾರಣ ತಿಳಿಯದೆ ಶುಗರ್ ಬಿದ್ದರೆ ಶೇಕಡಾ 10ರಿಂದ 20 ಇಳಿಸುವುದು. ಶುಗರ್ ಬರೆದಿಟ್ಟ ಹಾಳೆ ಕೊಟ್ಟು ಇದನ್ನು ಎಲ್ಲರಿಂದ ಮಾಡಿಸಿ.

ಉಳಿದದ್ದಕ್ಕೆ ತಿಂಗಳಿಗೊಂದು ಗಂಟೆ, ಆ ತಿಂಗಳದೇ ಕೇಸ್‌ಗಳು. ಫಲ ಸಿಕ್ಕಿತೋ ಇಲ್ಲವೋ ತಿಳಿಯಲು ಪರೀಕ್ಷೆ ಬೇಡ. ಶುಗರ್ ಗುರಿಗಿಂತ ಮೇಲಿದ್ದವರ ಚೀಟಿಗಳಲ್ಲಿ ಎಷ್ಟು ಬದಲಾದವು ಅಂತ ಮೊದಲೊಮ್ಮೆ, ಆರು ತಿಂಗಳ ಮೇಲೊಮ್ಮೆ ಎಣಿಸಿ.

ಹತ್ತು ನಿಮಿಷ ಉಳಿದರೆ ಇದೊಂದು ಸೇರಿಸಿ. ಎಂಪಾಗ್ಲಿಫ್ಲೋಜಿನ್, ಡಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ಆಪರೇಷನ್ ಇದ್ದರೆ ಮೂರು ದಿನ ಮೊದಲೇ ನಿಲ್ಲಿಸಬೇಕು. ವಾಂತಿಯಾಗಿ ಊಟ ಬಿಟ್ಟಾಗಲೂ ನಿಲ್ಲಿಸಬೇಕು. ಇವರಲ್ಲಿ ಶುಗರ್ ಅಷ್ಟೇನೂ ಏರದೆ ಕೀಟೋಅಸಿಡೋಸಿಸ್ (ರಕ್ತದಲ್ಲಿ ಕೀಟೋನ್ ಆಮ್ಲ ತುಂಬಿ ಜೀವಕ್ಕೇ ಅಪಾಯವಾಗುವ ಸ್ಥಿತಿ) ಆಗಬಹುದು. ಮೀಟರ್ ನೋಡಿ "ಶುಗರ್ ಚೆನ್ನಾಗಿದೆ" ಅಂತ ಮನೆಗೆ ಕಳಿಸಿಬಿಡುತ್ತಾರೆ. ತುರ್ತು ವಿಭಾಗದವರನ್ನು ಈ ಹತ್ತು ನಿಮಿಷಕ್ಕಾದರೂ ಕರೆಸಿ.