‘ಬೀಜದೆಲೆ’ ಸರಿ, ಅದರ ಮೇಲೆ ಬರುವ ಎಲೆಗೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಘಮಘಮಿಸುವ ಹೂಗಿಡಗಳನ್ನು ಬೀಜ ಹಾಕಿ ಬೆಳೆಸುವ ಬಗ್ಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಒಂದೇ ಒಂದು ಪದ ವಾರದಿಂದ ಕಾಡುತ್ತಿದೆ.

ಬೀಜ ಮೊಳೆತಾಗ ಮೊದಲು ಬಿಚ್ಚಿಕೊಳ್ಳುವ ಜೋಡಿಗೆ ‘ಬೀಜದೆಲೆ’ ಅನ್ನಬಹುದು. ಪಠ್ಯಪುಸ್ತಕದ ‘ಬೀಜದಳ’ಕ್ಕಿಂತ ಇದು ಸಲೀಸು. ತೊಡಕಿರುವುದು ಅದರ ಮೇಲೆ ಬರುವ ಎಲೆಯಲ್ಲಿ. ಆ ಎಲೆ 2 ಜೊತೆ ಬಂದ ಮೇಲೆಯೇ ಸಸಿ ಕಿತ್ತು ಬೇರೆ ಕುಂಡಕ್ಕೆ ನೆಡುವುದು. ಹಾಗಾಗಿ ಪುಟಪುಟಕ್ಕೂ ಪದ ಬೇಕು. ಇಂಗ್ಲಿಷಿನಲ್ಲಿ ‘ಟ್ರೂ ಲೀಫ್’ ಅನ್ನುತ್ತಾರೆ. ‘ನಿಜವಾದ ಎಲೆ’ ಎಂದು ಬರೆದು ನೋಡಿದೆ. ಹಾಗಾದರೆ ಮೊದಲಿನದು ಸುಳ್ಳೆಲೆಯೇ? ಅದೂ ಹಸಿರಾಗಿ ಸಸಿಯನ್ನು ಸಾಕುತ್ತದೆ, ಅಲ್ವಾ?

‘ಎರಡನೇ ಎಲೆ’ ಅಂದರೂ ಆಗದು. ಸ್ವೀಟ್ ಪೀ ಹೂವಿನ ಗಿಡದಲ್ಲಿ ಬೀಜದೆಲೆ ಬಟಾಣಿಯ ಹಾಗೆ ಮಣ್ಣಿನೊಳಗೇ ಉಳಿಯುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ಎಣಿಸುವವರಿಗೆ ಲೆಕ್ಕ ತಪ್ಪುತ್ತದೆ. ‘ಚಿಗುರೆಲೆ’ ಚೆಂದದ ಪದ. ಆದರೆ 20 ವರ್ಷದ ಸಂಪಿಗೆ ಮರದಲ್ಲೂ ಚಿಗುರೆಲೆ ಇರುತ್ತದೆ.

ನನಗೆ ಹೊಳೆದದ್ದು ‘ಗಿಡದೆಲೆ’. ಹೊಳೆದದ್ದು ಕಾಮಕಸ್ತೂರಿ ಸಸಿಗಳ ಮುಂದೆ ಕೂತಾಗ. ಅದರ ಬೀಜದೆಲೆ ಅರ್ಧಚಂದ್ರದಂತೆ, ಅಂಚು ನುಣುಪು. ಅದಷ್ಟನ್ನೇ ನೋಡಿ ಕಾಮಕಸ್ತೂರಿ ಎಂದು ಯಾರೂ ಗುರುತಿಸಲಾರರು. ಮೇಲಿನ ಜೋಡಿ ಮೂಡಿದಾಗ ಆಕಾರವೇ ಬೇರೆ. ಬೆರಳಲ್ಲಿ ಮೆಲ್ಲಗೆ ಸವರಿದರೆ ಘಮ ಕೈಗೆ ಹತ್ತುತ್ತದೆ. ಎಷ್ಟು ಸಲ ಸವರಿದರೂ ಸಾಕೆನಿಸಲಿಲ್ಲ! ಸಂಜೆಮಲ್ಲಿಗೆಯಲ್ಲೂ ಹಾಗೇ. ಬೀಜದೆಲೆ ಅಗಲ, ದುಂಡಗೆ. ಮೇಲಿನದರ ತುದಿ ಚೂಪು. ಒಂದು ಬೀಜದೊಳಗೇ ತಯಾರಾಗಿ ಮಡಿಸಿಕೊಂಡಿರುತ್ತದೆ, ಇನ್ನೊಂದು ಗಿಡದ ಕುಡಿಯಲ್ಲಿ ಹುಟ್ಟುತ್ತದೆ. ಬೀಜದೆಲೆ, ಗಿಡದೆಲೆ. ಒಟ್ಟಿಗೆ ಹೇಳಿದರೆ ವಿವರಣೆಯೇ ಬೇಡ ಅನಿಸುತ್ತದೆ.

ಒಂಟಿಯಾಗಿ ಬಂದರೆ ಮಾತ್ರ ಅನುಮಾನ. ‘ಗಿಡದೆಲೆ 2 ಜೊತೆ ಬರಲಿ’ ಎಂದರೆ ಓದುವವರು ಸುಮ್ನೆ ‘ಗಿಡದ ಎಲೆ’ ಎಂದುಕೊಂಡು ಬೀಜದೆಲೆಯನ್ನೂ ಸೇರಿಸಿ ಎಣಿಸಬಹುದು. ಹಾಗೆ ಎಳೆಯದರಲ್ಲೇ ಕಿತ್ತರೆ ಸಸಿ ಬದುಕುವುದು ಕಷ್ಟ.

ಒಟ್ಲು, ಅಗೆ, ಮಡಿ, ಪಾತಿ ಎಂದು ಸಸಿ ಮಾಡುವ ಕೆಲಸಕ್ಕೆ ಇಷ್ಟೊಂದು ಪದ ಇರುವ ನುಡಿ ನಮ್ಮದು. ಈ ಎಲೆಗೂ ಬಳಕೆಯ ಮಾತು ಇದ್ದೇ ಇರುತ್ತದೆ ಎಂದು ನನ್ನ ನಂಬಿಕೆ. ಹೂವೇ ಆಗಬೇಕಿಲ್ಲ, ಬದನೆ, ಮೆಣಸಿನ ಸಸಿ ಕೀಳುವಾಗ ನಿಮ್ಮ ಮನೆಯಲ್ಲಿ ‘ಇಷ್ಟು ಎಲೆ ಬರಲಿ’ ಎನ್ನುವುದನ್ನು ಹೇಗೆ ಹೇಳುತ್ತಾರೆ? ಆಡುವ ಹಾಗೆಯೇ ಬರೆದು ತಿಳಿಸಿ.